ಏರಿ ಪಕ್ಕದ ವೀರಗಲ್ಲು ಓದೋದು ಹೇಗೆ? (ಪಾಂಡವಪುರ ತಾಲ್ಲೂಕು)

ಕೆರೆಕೋಡಿ: ನಮ್ಮೂರ ಕೆರೆ ಏರಿ ಪಕ್ಕ ಅರ್ಧ ಹೂತ ಕಲ್ಲಿದೆ. ಮೂರು ಪಟ್ಟಿಕೆ, ಕೆಳಗೆ ಬಿಲ್ಲು ಹಿಡಿದವನು, ಮೇಲೆ ಲಿಂಗ, ನಡುವೆ ಸವೆದ ಅಕ್ಷರ. ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ಹಳೇ ಶಾಸನ ಸಂಪುಟದಲ್ಲಿ ಪಾಂಡವಪುರ ತಾಲ್ಲೂಕೇ ಸಿಗ್ತಿಲ್ಲ. ಊರವರು ಹಬ್ಬಕ್ಕೆ ಬಣ್ಣ ಹೊಡೆಸೋಣ ಅಂತಿದ್ದಾರೆ.

ಹಿರೋಡೆ: ಸಿಗಲ್ಲ. ಆ ಸಂಪುಟ ಬಂದ 1894ರಲ್ಲಿ ಪಾಂಡವಪುರದ ಹೆಸರು ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಪಡೆ ಬೀಡುಬಿಟ್ಟಿದ್ದ ಜಾಗ ಅಂತ ಆ ಹೆಸರು. ಮೇಲುಕೋಟೆ, ತೊಣ್ಣೂರಿನ ಶಾಸನಗಳೂ ಅದರಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನಡಿ ಇವೆ, ಅಲ್ಲಿ ಹುಡುಕಿ. ಇನ್ನೂ ಸುಲಭ ಅಂದ್ರೆ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಎಪಿಗ್ರಾಫಿಯಾ ಕರ್ನಾಟಿಕ (ಕರ್ನಾಟಕದ ಶಾಸನಗಳ ಸಂಪುಟಮಾಲೆ), 6ನೇ ಸಂಪುಟ: ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಮೂರೂ ಒಟ್ಟಿಗಿವೆ. ಊರ ಹೆಸರಲ್ಲಿ ಇಲ್ಲ ಅಂತ ಬಿಡಬೇಡಿ. ಏರಿ ಎರಡು ಊರಿನ ಎಲ್ಲೆ ಮೇಲಿದ್ದರೆ ಪಕ್ಕದೂರಿನ ಲೆಕ್ಕಕ್ಕೆ ಹೋಗಿರುತ್ತೆ. ಗ್ರಾಮ ನಕ್ಷೆಯಲ್ಲಿ ಸರ್ವೆ ನಂಬರ್ ನೋಡಿ.

ಪಡಿಯಚ್ಚು: ಬಣ್ಣ ಬೇಡವೇ ಬೇಡ. ಎನಾಮಲ್ ಅಕ್ಷರದ ಗೀರಿಗೆ ತುಂಬಿಕೊಂಡರೆ ತೆಗೆಯೋಕೆ ಹೋದಾಗ ಗೀರೇ ಕಿತ್ತು ಬರುತ್ತೆ. ತಂತಿ ಬ್ರಷ್ಷು, ಆಸಿಡ್ಡೂ ಅಷ್ಟೇ. ಬರೀ ನೀರು, ಮೆತ್ತನೆ ನಾರಿನ ಬ್ರಷ್ಷು ಸಾಕು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ, ಹೆಚ್ಚೂಕಮ್ಮಿ ಅಂಟಿಸಿದ ಹಾಗೆ ಹಿಡಿದು, ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ಕಡೆಯಿಂದ ಒಂದೊಂದು ಫೋಟೊ ತೆಗೀರಿ. ಕ್ಯಾಮೆರಾ ಮಾತ್ರ ಅಲ್ಲಾಡಬಾರದು. ಮಧ್ಯಾಹ್ನದ ಬಿಸಿಲಲ್ಲಿ ಏನೂ ಕಾಣದ ಸಾಲು ಆಗ ನೆರಳಾಗಿ ಎದ್ದು ನಿಲ್ಲುತ್ತೆ. ಪಡಿಯಚ್ಚು, ಅಂದ್ರೆ ಒದ್ದೆ ಕಾಗದ ಕಲ್ಲಿಗೆ ಒತ್ತಿ ಮಸಿ ಹಚ್ಚಿ ತೆಗೆಯೋ ಅಕ್ಷರದ ಅಚ್ಚು, ನೀವೇ ತೆಗೆಯಲು ಹೋಗಬೇಡಿ. ಒದ್ದೆ ಕಾಗದ ಸ್ವಲ್ಪ ಆರಬೇಕು. ಹಸಿ ಇದ್ದಾಗಲೇ ಮಸಿ ಒತ್ತಿದರೆ ಹರಡುತ್ತೆ, ಕಾಗದ ಹರಿದರೆ ಮಸಿ ಕಲ್ಲಿಗೇ ಇಳಿಯುತ್ತೆ.

ಆತಕೂರು ದಾರಿ: ಕಾಲ ಲೆಕ್ಕ ಹಾಕುವಾಗ ಶಕವರ್ಷಕ್ಕೆ 78 ಕೂಡಿಸಿ ಸುಮ್ಮನಾಗಬೇಡಿ, ಸಂವತ್ಸರಾನೂ ನೋಡಿ. ಮದ್ದೂರು ತಾಲ್ಲೂಕಿನ ಆತಕೂರು ಕಲ್ಲು ನೋಡಿ, ಹಂದಿ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಯದ್ದು, ಅದರಲ್ಲಿ ಶಕ 872 ಸೌಮ್ಯ ಸಂವತ್ಸರ ಅಂತಿದೆ. ಕೂಡಿಸಿದರೆ ಕ್ರಿ.ಶ. 950 ಬರುತ್ತೆ, ಆದರೆ ಸೌಮ್ಯ ಬೀಳೋದು 949–50ಕ್ಕೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ನಿಮ್ಮದನ್ನು ಜೆಸಿಬಿ ತಂದು ದೇವಸ್ಥಾನದ ಮುಂದೆ ನೆಡಬೇಡಿ. ಹೂತ ಭಾಗದಲ್ಲೂ ಸಾಲುಗಳಿರಬಹುದು, ಬಕೆಟ್ ಹಲ್ಲು ತಗುಲಿದರೆ ಮೊದಲು ಹೋಗೋದು ಅವೇ. ಫೋಟೊ, ಸರ್ವೆ ನಂಬರ್ ಸಮೇತ ಮೈಸೂರಿನ ಪುರಾತತ್ವ ಇಲಾಖೆಗೆ ಅರ್ಜಿ ಕೊಡಿ.

ಕೆರೆಕೋಡಿ: ಬಣ್ಣದ ಡಬ್ಬ ವಾಪಸ್ ಕಳಿಸಿದ್ದಾಯ್ತು. 6ನೇ ಸಂಪುಟ ನೋಡಿ ತಿಳಿಸ್ತೀನಿ.