ಕಿಚನರ್ ಬೆರಳು ಎಲ್ಲಿಂದ ನೋಡಿದ್ರೂ ನನ್ನ ಕಡೆಗೇ ಇದೆಯಲ್ಲ, ಹೇಗೆ?

ಕೊನೇಬೆಂಚು:
ನಮಸ್ಕಾರ ಎಲ್ರಿಗೂ. ಕಾಲೇಜ್ ಸೆಮಿನಾರ್‌ಗೆ ಮೊದಲನೇ ಮಹಾಯುದ್ಧದ ಪೋಸ್ಟರ್‌ಗಳು ಅಂತ ಟಾಪಿಕ್ ಸಿಕ್ಕಿದೆ. ಬ್ರಿಟನ್ನಿಂದು, ಅಲ್ಲಿನ ಆಗಿನ ಯುದ್ಧಮಂತ್ರಿ ಲಾರ್ಡ್ ಕಿಚನರ್ ದಪ್ಪ ಮೀಸೆ ಬಿಟ್ಕೊಂಡು ಸೈನ್ಯಕ್ಕೆ ಸೇರಿ ಅಂತ ಬೆರಳು ತೋರಿಸ್ತಾನಲ್ಲ, ಅದನ್ನ ಪ್ರಿಂಟ್ ತೆಗೆಸಿ ರೂಮ್ ಗೋಡೆಗೆ ಅಂಟಿಸಿದೀನಿ, ಮಂಚದ ಮೇಲಿಂದ ನೋಡಿದ್ರೂ ನನ್ನ ಕಡೆಗೇ ಬಾಗಿಲ ಹತ್ರ ಹೋದ್ರೂ ನನ್ನ ಕಡೆಗೇ. ತೆಗಿಯೋ ಮಾರಾಯ ಅಂತಿದಾನೆ ರೂಮ್‌ಮೇಟ್. ಇದು ಹೇಗೆ? ಮತ್ತೆ ಬರೀ ಚಿತ್ರ ನೋಡಿ ಜನ ಸೈನ್ಯಕ್ಕೆ ಸೇರ್ಬಿಟ್ರಾ?

ಬಣ್ಣದಡಬ್ಬಿ:
ನಾನು ಬೋರ್ಡ್ ಬರಿಯೋನು, ಫ್ಲೆಕ್ಸ್ ಬಂದ್ಮೇಲೆ ಕೆಲಸ ಕಮ್ಮಿ ಆಯ್ತು, ಅದು ಬೇರೆ ಕಥೆ. ಅಲ್ಲಿ ಬೆರಳನ್ನ ಉದ್ದಕ್ಕೆ ಬರೆದಿಲ್ಲ ನೋಡು, ತುದಿ ಮುಂದೆ ದಪ್ಪಗೆ, ಹಿಂದೆ ಮುಷ್ಟಿ. ಕಣ್ಣೂ ನೇರ. ನಿಜವಾದ ಮನುಷ್ಯ ಕೈ ಚಾಚಿದ್ರೆ ಎರಡು ಹೆಜ್ಜೆ ಸರಿದು ತಪ್ಪಿಸ್ಕೋಬಹುದು, ಬೆರಳಿನ ಪಕ್ಕ ಕಾಣುತ್ತೆ, ಕಾಗದ ಚಪ್ಪಟೆ ಆದ್ರಿಂದ ಎಲ್ಲಿ ನಿಂತ್ರೂ ಅದೇ ತುದಿ. ದೇವರ ಮನೆ ಫೋಟೋ ನಮ್ಮನ್ನೇ ನೋಡೋದೂ ಹೀಗೇ (ಅಮ್ಮನಿಗೆ ಹೇಳ್ಬೇಡ). ಅಮೆರಿಕದವರು 1917ರ ಪೋಸ್ಟರಲ್ಲಿ ಇದೇ ಬೆರಳನ್ನ ತಮ್ಮ ದೇಶದ ಗುರುತಾದ ಗಡ್ಡದ ಮುದುಕ ಅಂಕಲ್ ಸ್ಯಾಮ್‌ಗೆ ಕೊಟ್ರು, ಅದನ್ನ ಬರೆದ ಚಿತ್ರಕಾರ ಜೇಮ್ಸ್ ಫ್ಲ್ಯಾಗ್ ತನ್ನ ಮುಖಕ್ಕೇ ಗಡ್ಡ, ವಯಸ್ಸು ಸೇರಿಸ್ಕೊಂಡ. 1920ರಲ್ಲಿ ರಷ್ಯಾದ ಮೂರ್ ಅನ್ನೋನು ಕೆಂಪು ಸೇನೆಯ, ಅಂದ್ರೆ ಕಮ್ಯುನಿಸ್ಟರ, ಸೈನಿಕನ ಕೈಲೂ ಅದನ್ನೇ ಮಾಡಿಸ್ದ.

ಹಳೇಪೇಪರ್:
ಕಿಚನರ್ ಪೋಸ್ಟರ್ ನೋಡೇ ಜನ ಸೇರಿದ್ರು ಅಂತ ಸೆಮಿನಾರಲ್ಲಿ ಹೇಳ್ಬೇಡಿ ಮಾತ್ರ. ಆಲ್ಫ್ರೆಡ್ ಲೀಟ್ ಬರೆದ ಈ ಚಿತ್ರ ಮೊದ್ಲು ಬಂದಿದ್ದು 1914ರ ಸೆಪ್ಟೆಂಬರ್ 5ರ ವಾರಪತ್ರಿಕೆ ಮುಖಪುಟದಲ್ಲಿ, ಅಷ್ಟೊತ್ತಿಗಾಗ್ಲೇ ಭರ್ತಿ ಆಫೀಸುಗಳ ಮುಂದೆ ಕ್ಯೂ ಇತ್ತು. 1916ರಲ್ಲಿ ಕಡ್ಡಾಯ ಸೇನಾಭರ್ತಿ ಕಾನೂನೇ ತಂದ್ರು, ಬೆರಳೇ ಸಾಕಾಗಿದ್ರೆ ಕಾನೂನು ಯಾಕೆ ಬೇಕಿತ್ತು.
ನನ್ನ ಕೇಳಿದ್ರೆ 1915ರದ್ದು ಇನ್ನೊಂದಿದೆ, ಸ್ಯಾವಿಲ್ ಲಮ್ಲಿ ಬರೆದಿದ್ದು, ಅದು ಇದಕ್ಕಿಂತ ಕ್ರೂರ. ಅಪ್ಪ ಆರಾಮ ಕುರ್ಚಿಲಿ ಕೂತಿದಾನೆ, ತೊಡೆ ಮೇಲೆ ಮಗಳು, ಮಗ ನೆಲದ ಮೇಲೆ ಆಟದ ಸೈನಿಕರನ್ನ ಜೋಡಿಸ್ತಿದಾನೆ. ಅಪ್ಪಾ, ಮಹಾಯುದ್ಧದಲ್ಲಿ ನೀನೇನ್ ಮಾಡ್ದೆ ಅಂತ ಮಗಳು ಕೇಳ್ತಿದಾಳೆ. ಅಷ್ಟೇ. ರಕ್ತ ಇಲ್ಲ, ಬಾವುಟ ಇಲ್ಲ. ಯುದ್ಧ ಇನ್ನೂ ನಡೀತಿದ್ದಾಗ ಚಿತ್ರದಲ್ಲಿ ಮಾತ್ರ ಮುಗಿದುಹೋಗಿದೆ, ಮದುವೆನೇ ಆಗದ ಹುಡುಗನಿಗೆ ಮುಂದೆ ಹುಟ್ಟೋ ಮಗಳ ಮುಂದೆ ಈಗ್ಲೇ ತಲೆತಗ್ಗಿಸೋ ಹಾಗೆ. ಅಪ್ಪನ ಕಣ್ಣು ನೋಡಿ, ಮಗಳ ಕಡೆ ಇಲ್ಲ, ನಮ್ಮ ಕಡೆ ಇದೆ.

ರಾಗಿಮುದ್ದೆ:
ಗೊರಿಲ್ಲಾದೂ ಹಾಕು ಗುರು. 1917, ಅಮೆರಿಕದ್ದು, ಹ್ಯಾರಿ ಹಾಪ್ಸ್. ಜರ್ಮನ್ ಹೆಲ್ಮೆಟ್ ಹಾಕಿದ ಗೊರಿಲ್ಲಾ ಒಂದು ಕೈಲಿ ಹೆಂಗಸನ್ನ ಹೊತ್ಕೊಂಡು ಇನ್ನೊಂದು ಕೈಲಿ ದೊಣ್ಣೆ ಹಿಡ್ಕೊಂಡು ಅಮೆರಿಕದ ದಡಕ್ಕೆ ಕಾಲಿಡ್ತಿದೆ, ದೊಣ್ಣೆ ಮೇಲೆ ಕುಲ್ಟೂರ್ ಅಂತ ಬರ್ದಿದೆ, ಜರ್ಮನ್‌ನಲ್ಲಿ ಸಂಸ್ಕೃತಿ ಅಂತ. ಮೃಗ ಅಂದ್ಮೇಲೆ ಕೊಲ್ಲಕ್ಕೆ ಪಾಪಪ್ರಜ್ಞೆ ಯಾಕೆ? ಆದ್ರೆ ಮಜಾ ಏನಂದ್ರೆ ಎರಡನೇ ಯುದ್ಧದ ಹೊತ್ತಿಗೆ ನಾಜಿಗಳು ಅದೇ ಚಿತ್ರನ ತಮ್ಮ ಪೋಸ್ಟರಲ್ಲಿ ಹಾಕಿ, ನೋಡಿ ನಮ್ಮನ್ನ ಹೀಗಂದಿದ್ರು ಅಂತ ಸ್ವಂತ ಜನರನ್ನೇ ರೊಚ್ಚಿಗೆಬ್ಬಿಸಿದ್ರು.

ಕೊನೇಬೆಂಚು:
ಥ್ಯಾಂಕ್ಸ್ ಎಲ್ರಿಗೂ, ಅಪ್ಪ ಮಗಳ ಚಿತ್ರದ ಮೇಲೇ ಮಾತಾಡ್ತೀನಿ. ರೂಮ್‌ಮೇಟ್ ಕಿಚನರ್ ಕಣ್ಣಿಗೆ ಟೇಪ್ ಹಾಕಿದಾನೆ, ಬೆರಳು ಮಾತ್ರ ಇನ್ನೂ ನನ್ನ ಕಡೆಗೇ ಇದೆ. ಗೊರಿಲ್ಲಾ ಸ್ಲೈಡಲ್ಲಿ ಹಾಕಿದ್ರೆ ಮೇಡಂ ಬೈತಾರಾ?