‘ಕಾಡುಪಾಪ’ದಲ್ಲಿರುವ ‘ಪಾಪ’ ಯಾವುದು?

ಪ್ರಶ್ನೆ:
ರಾತ್ರಿ ಹೊತ್ತು ಮರಗಳ ಮೇಲೆ ಸಂಚರಿಸುವ, ದುಂಡು ಕಣ್ಣಿನ ಪುಟ್ಟ ಪ್ರಾಣಿಯನ್ನು ನಾವು ಕಾಡುಪಾಪ ಎನ್ನುತ್ತೇವೆ. ಈ ಹೆಸರನ್ನು ‘ಕಾಡುವ ಪಾಪ’ ಎಂದು ಬಿಡಿಸಿ, ಅದು ಕಣ್ಣಿಗೆ ಬಿದ್ದರೆ ಕೇಡು ಎಂಬ ನಂಬಿಕೆಯೊಂದಿಗೆ ತಳಕು ಹಾಕುವವರನ್ನು ಕಂಡಿದ್ದೇನೆ. ಈ ಅರ್ಥ ಸರಿಯೇ? ಬರೆಯುವಾಗ ಎರಡು ಪದಗಳನ್ನು ಬಿಡಿಸಿ ಬರೆಯಬಹುದೇ?

ಉತ್ತರ 1:
ಖಂಡಿತ ಸರಿಯಲ್ಲ. ಇಲ್ಲಿ ‘ಕಾಡು’ ಎಂದರೆ ಅಡವಿ, ‘ಪಾಪ’ ಎಂದರೆ ಎಳೆಗೂಸು. ಪುಣ್ಯಕ್ಕೆ ಎದುರಾದ ಸಂಸ್ಕೃತದ ಪಾಪಕ್ಕೂ ಇದಕ್ಕೂ ಸಂಬಂಧವಿಲ್ಲ. ತೊಟ್ಟಿಲ ಕೂಸನ್ನು ‘ಪಾಪ’, ‘ಪಾಪು’ ಎಂದು ಕರೆಯುವ ಮಾತೇ ಇದು. ತೆಲುಗಿನ ‘ಪಾಪ’, ತಮಿಳಿನ ‘ಪಾಪ್ಪಾ’ ಕೂಡ ಮಗುವನ್ನೇ ಸೂಚಿಸುತ್ತವೆ. ನನಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದಿದೆ: ಕಾಡುಹಂದಿ, ಕಾಡುಕೋಳಿ, ಕಾಡುಬೆಕ್ಕು ಎಂಬಲ್ಲಿ ಊರಿನ ಪ್ರಾಣಿಗೆ ಅಡವಿಯಲ್ಲಿರುವ ಜೋಡಿಯನ್ನು ಹೆಸರಿಸಿದ್ದೇವೆ, ಆದರೆ ಕಾಡುಪಾಪದ ಊರಿನ ಜೋಡಿ ನಮ್ಮ ಮನೆಯ ಮಗುವೇ ಆಗಿದೆ.

ಉತ್ತರ 2:
ಹೆಸರಿಟ್ಟವರ ಕಣ್ಣು ಸೂಕ್ಷ್ಮವಾಗಿತ್ತು. ಈ ಪ್ರಾಣಿಗೆ ಹೊರಗೆ ಕಾಣುವ ಬಾಲವಿಲ್ಲ, ಕಣ್ಣುಗಳೆರಡೂ ನಮ್ಮಂತೆ ಮುಂದಕ್ಕೆ ನೋಡುತ್ತವೆ; ಹೆಬ್ಬೆರಳನ್ನು ಒಂದು ಬದಿಗೂ ಉಳಿದ ಬೆರಳುಗಳನ್ನು ಇನ್ನೊಂದು ಬದಿಗೂ ಮಾಡಿ ಅದು ಸಣ್ಣ ರೆಂಬೆಯನ್ನು ಹಿಡಿಯುವ ರೀತಿ, ಕೂಸು ದೊಡ್ಡವರ ಬೆರಳನ್ನು ಬಿಗಿಯಾಗಿ ಹಿಡಿದಂತೆಯೇ ಇರುತ್ತದೆ. ಪ್ರಾಣಿಶಾಸ್ತ್ರವೂ ಇದನ್ನು ಕೋತಿ ಮತ್ತು ಮನುಷ್ಯರಿರುವ ಗಣದಲ್ಲೇ ಇರಿಸಿದೆ. ‘ಕಾಡುವ ಪಾಪ’ ಎಂಬ ತಪ್ಪು ವಿವರಣೆಯನ್ನು ಹಗುರವಾಗಿ ಬಿಡಬಾರದು, ಏಕೆಂದರೆ ಮಾಟ ಮಂತ್ರದ ಹೆಸರಿನಲ್ಲಿ ಈ ಜೀವವನ್ನು ಹಿಡಿದು ಹಿಂಸಿಸುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ಪಡೆದ ಜೀವಿಗಳ ಪಟ್ಟಿಯಾದ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ ಇದು.

ಉತ್ತರ 3:
ಬಳಕೆಯ ಬಗ್ಗೆ: ಇದು ಸಮಾಸಪದವಾದ್ದರಿಂದ ಕೂಡಿಸಿಯೇ ಬರೆಯಬೇಕು, ಬಿಡಿಸಿದರೆ ‘ಕಾಡು, ಪಾಪ!’ ಎಂದು ಕಾಡಿಗಾಗಿ ಮರುಗಿದಂತೆಯೂ ಓದಿಕೊಳ್ಳಬಹುದು. ಪದ ನಪುಂಸಕಲಿಂಗದ್ದು: ಕಾಡುಪಾಪವನ್ನು, ಕಾಡುಪಾಪದ, ಕಾಡುಪಾಪಗಳು. ಹೆಸರಿನಲ್ಲೇ ಮಗುವಿದ್ದರೂ ಬೆಳೆದ ಪ್ರಾಣಿಗೂ ಇದೇ ಹೆಸರು. ಎಳೆಯದನ್ನು ‘ಕಾಡುಪಾಪದ ಮರಿ’ ಎನ್ನಬೇಕು. ಅನುವಾದಕರಲ್ಲಿ ಒಂದು ವಿನಂತಿ: ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿರುವ ತೆಳುಮೈಯ ಲೋರಿಸ್‌ಗೆ ಈ ಹೆಸರು ಸಲ್ಲುತ್ತದೆ. ಈಶಾನ್ಯ ಭಾರತದ ಸ್ಲೋ ಲೋರಿಸ್ ಬೇರೆಯದಾದ್ದರಿಂದ ಅದಕ್ಕೆ ವಿಶೇಷಣ ಸೇರಿಸಿ ಬರೆಯಿರಿ. ಅಮೆರಿಕ ಖಂಡಗಳಲ್ಲಿ ಮರಕ್ಕೆ ಜೋತುಬಿದ್ದು ನಿಧಾನವಾಗಿ ಚಲಿಸುವ ಸ್ಲಾತ್‌ಗಂತೂ ಈ ಹೆಸರನ್ನು ಕೊಡಲೇಬೇಡಿ.