ಮೊಬೈಲ್ ಡೇಟಾದಲ್ಲಿರುವ ಲ್ಯಾಪ್‌ಟಾಪಿಗೆ ಹೊರಗಿನಿಂದ ಕನೆಕ್ಟ್ ಆಗ್ತಿಲ್ಲ, ಬರೀ ಟೈಮ್‌ಔಟ್

ಕೆರೆದಂಡೆ
ಲ್ಯಾಪ್‌ಟಾಪಲ್ಲಿ ಉಬುಂಟು 22.04 ಇದೆ. ಬ್ರಾಡ್‌ಬ್ಯಾಂಡ್ ಇಲ್ಲ, ಆಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟೇ ಗತಿ. ಪೋರ್ಟ್ 22ರಲ್ಲಿ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗೋ ಸೇವೆ), 8080ರಲ್ಲಿ ಒಂದು ವೆಬ್ ಸರ್ವರ್ ಓಡ್ತಿದೆ. ಅದೇ ಹಾಟ್‌ಸ್ಪಾಟಿಗೆ ಸೇರಿದ ಇನ್ನೊಂದು ಫೋನಿಂದ ಎರಡೂ ತೆರೆಯುತ್ತವೆ, ಆಫೀಸ್ ನೆಟ್‌ನಿಂದ ಎರಡೂ ಟೈಮ್‌ಔಟ್. ಲ್ಯಾಪ್‌ಟಾಪಿನ ಐಪಿ 192.168.43.57. ಫೋನ್ ಸೆಟ್ಟಿಂಗ್ಸಲ್ಲಿ 10ರಿಂದ ಶುರುವಾಗೋ ಐಪಿ ಇದೆ. ಐಪಿ ತೋರಿಸೋ ಸೈಟಲ್ಲಿ ಇನ್ನೊಂದೇ ಬರುತ್ತೆ, ನಾನು ಕನೆಕ್ಟ್ ಮಾಡ್ತಿರೋದು ಅದಕ್ಕೆ. ಯುಎಫ್‌ಡಬ್ಲ್ಯೂ (ಉಬುಂಟುವಿನ ಫೈರ್‌ವಾಲ್) ಆಫ್ ಮಾಡಿದರೂ ಅಷ್ಟೇ. ಫೋನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿಂದ ಬಂದದ್ದನ್ನ ಲ್ಯಾಪ್‌ಟಾಪಿಗೆ ದಾಟಿಸೋದು) ಮಾಡೋದು ಎಲ್ಲಿ?

ಪ್ಯಾಕೆಟ್ ಪುರಾಣ
ಮೊದಲು ಫೈರ್‌ವಾಲ್ ಮತ್ತೆ ಆನ್ ಮಾಡಿ, ತಪ್ಪು ಅದರದ್ದಲ್ಲ. ಮೂರು ಐಪಿ ಮೂರು ಥರ ಇವೆ ಅಂದರೆ ನಡುವೆ ಎರಡು ನ್ಯಾಟ್ (ಒಳಗಿನ ಐಪಿಯನ್ನ ಹೊರಗಿನ ಐಪಿಗೆ ಬದಲಿಸೋ ವ್ಯವಸ್ಥೆ) ಕೂತಿವೆ. ಒಂದು ಫೋನಿನದ್ದು, ಇನ್ನೊಂದು ಸಿಮ್ ಕಂಪನಿಯದ್ದು. ಎರಡನೆಯದಕ್ಕೇ ಸಿಜಿನ್ಯಾಟ್ ಅನ್ನೋದು. ಸೈಟಲ್ಲಿ ಕಾಣೋ ಐಪಿಯನ್ನ ಎಷ್ಟೋ ಗ್ರಾಹಕರು ಒಟ್ಟಿಗೆ ಬಳಸ್ತಿರ್ತಾರೆ. ನೀವು ಹೊರಗೆ ಕನೆಕ್ಟ್ ಆದಾಗ ಕಂಪನಿಯ ನ್ಯಾಟ್ ತನ್ನ ಟೇಬಲಲ್ಲಿ ಒಂದು ಸಾಲು ಬರ್ಕೊಳ್ಳುತ್ತೆ, ಉತ್ತರ ಬಂದಾಗ ಅದನ್ನ ನೋಡಿ ನಿಮಗೆ ಕಳಿಸುತ್ತೆ. ಹೊರಗಿನವರು ತಾವಾಗಿ 8080 ತಟ್ಟಿದರೆ ಅಂಥ ಸಾಲೇ ಇರಲ್ಲ, ಪ್ಯಾಕೆಟ್ ಅಲ್ಲೇ ಸಾಯುತ್ತೆ. ಫೋನನ್ನ ರೂಟ್ ಮಾಡಿ ಫಾರ್ವರ್ಡ್ ಹಾಕಿದರೂ ಉಪಯೋಗ ಇಲ್ಲ.

ಖಾತ್ರಿ ಬೇಕಿದ್ದರೆ ವೈಫೈ ಇಂಟರ್‌ಫೇಸ್ ಮೇಲೆ ಟಿಸಿಪಿಡಂಪ್ (ಬಂದುಹೋಗೋ ಪ್ಯಾಕೆಟ್ ತೋರಿಸೋ ಟೂಲ್) ಓಡಿಸಿ, ಫಿಲ್ಟರ್ ಪೋರ್ಟ್ 8080, ಆಮೇಲೆ ಹೊರಗಿಂದ ಟ್ರೈ ಮಾಡಿಸಿ. ಒಳಬರುವ ಪ್ಯಾಕೆಟನ್ನ ಅದು ಫೈರ್‌ವಾಲಿಗಿಂತ ಮೊದಲೇ ನೋಡುತ್ತೆ. ಒಂದೂ ಸಿನ್ (ಕನೆಕ್ಷನ್ ಶುರುಮಾಡೋ ಮೊದಲ ಪ್ಯಾಕೆಟ್) ಕಾಣದಿದ್ದರೆ ಲ್ಯಾಪ್‌ಟಾಪಲ್ಲಿ ಹುಡುಕೋದು ದಂಡ. ಸಿನ್ ಬಂದು ಉತ್ತರ ಹೋಗದಿದ್ದರೆ ಮಾತ್ರ ಯುಎಫ್‌ಡಬ್ಲ್ಯೂ ಕಡೆ ನೋಡಿ. 'ಕನೆಕ್ಷನ್ ರಿಫ್ಯೂಸ್ಡ್' ಬಂದರೆ ಕತೆ ಬೇರೆ: ಸಾಮಾನ್ಯವಾಗಿ ಆ ಪೋರ್ಟಲ್ಲಿ ಸರ್ವರ್ ಇಲ್ಲ, ಇಲ್ಲವೇ ಅದು 127.0.0.1ಕ್ಕಷ್ಟೇ (ಅಂದರೆ ಅದೇ ಮಶೀನಿಗೆ ಮಾತ್ರ) ಬೈಂಡ್ ಆಗಿದೆ.

ಆರನೇ ಆವೃತ್ತಿ
ಐಪಿವಿ4ಗೆ (ಹಳೇ ಥರದ ಐಪಿ) ಮೇಲಿನದು ಸರಿ. ಐಪಿವಿ6 (ಹೊಸ, ಉದ್ದದ ಐಪಿ) ಒಮ್ಮೆ ನೋಡಿಬಿಡಿ, ನ್ಯಾಟ್ ಗೋಜೇ ಇಲ್ಲದೆ ಆಗಬಹುದು. ಫೋನಿನ ಎಪಿಎನ್‌ (ಮೊಬೈಲ್ ಡೇಟಾ) ಸೆಟ್ಟಿಂಗಲ್ಲಿ ಪ್ರೋಟೋಕಾಲ್ 'ಐಪಿವಿ4/ಐಪಿವಿ6' ಇರಲಿ. ಫೋನಿಗೆ ಸಿಕ್ಕ /64 ಪ್ರಿಫಿಕ್ಸನ್ನೇ (ವಿಳಾಸದ ಮೊದಲ ಅರ್ಧ) ಆಂಡ್ರಾಯ್ಡ್ ಹಾಟ್‌ಸ್ಪಾಟಿಗೂ ಹಂಚುತ್ತೆ, ಹಾಗಾಗಿ ಲ್ಯಾಪ್‌ಟಾಪಿಗೆ 2ರಿಂದ ಶುರುವಾಗೋ ಸ್ವಂತ ವಿಳಾಸ ಬರಬೇಕು. ಎಫ್‌ಇ80 ಇಂದ ಶುರುವಾಗೋದು ಹೊರಗೆ ನಡೆಯಲ್ಲ. 'ಟೆಂಪರರಿ' ಅಂತ ಬರೆದಿರೋ ವಿಳಾಸ ಬಿಟ್ಟು ಇನ್ನೊಂದನ್ನ ಬಳಸಿ, ಟೆಂಪರರಿ ಬದಲಾಗ್ತಾ ಇರುತ್ತೆ. ಬ್ರೌಸರಲ್ಲಿ ವಿಳಾಸವನ್ನ ಚೌಕ ಕಂಸದೊಳಗೆ ಹಾಕಿ, ಅದರಾಚೆ ಕೋಲನ್, 8080.

ತೊಡಕು ಎರಡಿವೆ. ಹೊರಗಿಂದ ಬರೋ ಐಪಿವಿ6 ಕನೆಕ್ಷನನ್ನ ಸಿಮ್ ಕಂಪನಿಯ ಫೈರ್‌ವಾಲೇ ತಡೆದಿರಬಹುದು, ಅದನ್ನೂ ಟಿಸಿಪಿಡಂಪ್ ಹೇಳುತ್ತೆ. ಮತ್ತೆ, ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ ಪ್ರಿಫಿಕ್ಸ್ ಬದಲಾಗಬಹುದು, ಆದ್ದರಿಂದ ಡೈನಮಿಕ್ ಡಿಎನ್‌ಎಸ್ (ವಿಳಾಸ ಬದಲಾದರೂ ಹೆಸರು ಒಂದೇ ಇರಿಸೋ ಸೇವೆ) ಬೇಕೇ ಬೇಕು. ಐಸಿಎಂಪಿವಿ6 (ಐಪಿವಿ6ರ ನಿಯಂತ್ರಣ ಸಂದೇಶಗಳು) ಮಾತ್ರ ಬ್ಲಾಕ್ ಮಾಡಬೇಡಿ, ಮಾಡಿದರೆ ಐಪಿವಿ6ಏ ಕೈಕೊಡುತ್ತೆ.

ಕೆರೆದಂಡೆ
ಟಿಸಿಪಿಡಂಪಲ್ಲಿ ಏನೂ ಬರಲಿಲ್ಲ. ಐಪಿವಿ6 ವಿಳಾಸ ಇದೆ, ಆದರೆ ಆಫೀಸಲ್ಲಿ ಐಪಿವಿ4 ಮಾತ್ರ. ಪಬ್ಲಿಕ್ ಐಪಿ ಇರೋ ಸಣ್ಣ ವಿಪಿಎಸ್ (ಬಾಡಿಗೆ ಸರ್ವರ್) ಒಂದಿದೆ.

ಪೋರ್ಟ್ 2222
ಹಾಗಾದರೆ ಮುಗೀತು. ಒಳಗೆ ಬರೋಕೆ ದಾರಿ ಇಲ್ಲದಿದ್ದರೆ ಒಳಗಿಂದಲೇ ಹೊರಗೆ ದಾರಿ ಮಾಡಬೇಕು. ಲ್ಯಾಪ್‌ಟಾಪಿಂದ ವಿಪಿಎಸ್‌ಗೆ ಎಸ್‌ಎಸ್‌ಎಚ್ ಮಾಡುವಾಗ ದೊಡ್ಡಕ್ಷರದ ಎನ್ ಮತ್ತು ಆರ್ ಆಯ್ಕೆ ಕೊಡಿ, ಆರ್ ಮುಂದೆ 2222:ಲೋಕಲ್‌ಹೋಸ್ಟ್:22. ಈಗ ವಿಪಿಎಸ್‌ನ 2222 ಅಂದರೆ ನಿಮ್ಮ ಲ್ಯಾಪ್‌ಟಾಪಿನ 22. ಡೀಫಾಲ್ಟಾಗಿ ಅದು ವಿಪಿಎಸ್‌ನ ಲೂಪ್‌ಬ್ಯಾಕಲ್ಲಿ (ಅದರೊಳಗಷ್ಟೇ ಸಿಗೋ ವಿಳಾಸ) ಮಾತ್ರ ತೆರೆಯುತ್ತೆ. ಹೊರಗಿಂದ ಕಾಣಲ್ಲ ಅಂತ ಗೇಟ್‌ವೇಪೋರ್ಟ್ಸ್ (ಅದನ್ನ ಹೊರಗಿನವರಿಗೂ ತೆರೆಯೋ ಸೆಟ್ಟಿಂಗ್) ಆನ್ ಮಾಡೋಕೆ ಹೋಗಬೇಡಿ. ಆಫೀಸಿಂದ ವಿಪಿಎಸ್ ಅನ್ನ ಪ್ರಾಕ್ಸಿಜಂಪ್ (ನಡುವಿನ ಮೆಟ್ಟಿಲು) ಆಗಿ ಕೊಟ್ಟು ಲೋಕಲ್‌ಹೋಸ್ಟ್ 2222ಕ್ಕೆ ಹೋಗಿ. 8080ಗೂ ಇದೇ ಥರ ಇನ್ನೊಂದು ಆರ್, ಅದರ ಮುಂದೆ ವಿಪಿಎಸ್‌ನಲ್ಲಿ ಎನ್‌ಜಿನ್‌ಎಕ್ಸ್ (ವೆಬ್ ಸರ್ವರ್) ಮತ್ತು ಟಿಎಲ್‌ಎಸ್ (ಎನ್‌ಕ್ರಿಪ್ಷನ್).

ಜನ ಸಿಕ್ಕಿಬೀಳೋದು ಇಲ್ಲಿ: ಸಿಗ್ನಲ್ ಹೋಗಿ ಬಂದಾಗ ಹಳೇ ಸೆಷನ್ ಸತ್ತಿದ್ದು ವಿಪಿಎಸ್‌ಗೆ ಗೊತ್ತಾಗಲ್ಲ. ಅದು 2222 ಹಿಡಿದೇ ಇರುತ್ತೆ. ಹೊಸ ಸೆಷನ್ ಲಾಗಿನ್ ಆಗುತ್ತೆ, ಫಾರ್ವರ್ಡ್ ಮಾತ್ರ ಆಗಲ್ಲ. ಟನಲ್ ಇದೆ ಅಂತ ಕಾಣುತ್ತೆ, ಕೆಲಸ ಮಾಡಲ್ಲ. ಅದಕ್ಕೆ ಲ್ಯಾಪ್‌ಟಾಪ್ ಕಡೆ ಸರ್ವರ್‌ಅಲೈವ್‌ಇಂಟರ್‌ವಲ್ 30, ಕೌಂಟ್‌ಮ್ಯಾಕ್ಸ್ 3, ಎಕ್ಸಿಟ್‌ಆನ್‌ಫಾರ್ವರ್ಡ್‌ಫೇಲ್ಯೂರ್ 'ಯೆಸ್'. ವಿಪಿಎಸ್‌ನ ಎಸ್‌ಎಸ್‌ಎಚ್‌ಡಿ ಕಾನ್ಫಿಗಲ್ಲೂ ಕ್ಲೈಂಟ್‌ಅಲೈವ್‌ಇಂಟರ್‌ವಲ್ 30, ಕೌಂಟ್‌ಮ್ಯಾಕ್ಸ್ 3. ಸತ್ತ ಸೆಷನ್ ಸುಮಾರು 90 ಸೆಕೆಂಡಲ್ಲಿ ಬೀಳುತ್ತೆ. ಇದನ್ನ ಸಿಸ್ಟಮ್‌ಡಿ ಸರ್ವಿಸ್ (ಉಬುಂಟು ತಾನೇ ಓಡಿಸೋ ಸೇವೆ) ಮಾಡಿ, ರೀಸ್ಟಾರ್ಟ್ ಆಲ್ವೇಸ್, ರೀಸ್ಟಾರ್ಟ್‌ಸೆಕ್ 10. ಪಾಸ್‌ವರ್ಡ್ ಲಾಗಿನ್ ಆಫ್, ಕೀ ಮಾತ್ರ.

ಪ್ಯಾಕೆಟ್ ಪುರಾಣ
ಪೋರ್ಟುಗಳು ಜಾಸ್ತಿಯಾದರೆ ವೈರ್‌ಗಾರ್ಡ್ (ಒಂದು ವಿಪಿಎನ್) ವಾಸಿ. ಲ್ಯಾಪ್‌ಟಾಪ್ ಕಡೆ ಪರ್ಸಿಸ್ಟೆಂಟ್‌ಕೀಪ್‌ಅಲೈವ್ 25 ಹಾಕಿ, ಇಲ್ಲದಿದ್ದರೆ ನ್ಯಾಟ್ ಟೇಬಲಿನ ಯುಡಿಪಿ ಸಾಲು ಅಳಿದು ವಿಪಿಎಸ್‌ನಿಂದ ಲ್ಯಾಪ್‌ಟಾಪಿಗೆ ದಾರಿ ಮುಚ್ಚುತ್ತೆ. ಪಿಂಗ್ ಆಗುತ್ತೆ, ಲಾಗಿನ್ ಆಗುತ್ತೆ, ಉದ್ದದ ಔಟ್‌ಪುಟ್ ಬಂದ ಕೂಡಲೇ ನಿಂತುಬಿಡುತ್ತೆ ಅಂದರೆ ಎಂಟಿಯು (ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ) ತೊಂದರೆ, 1280ಕ್ಕೆ ಇಳಿಸಿ.

ಆರನೇ ಆವೃತ್ತಿ
ಒಂದು ಸೇರಿಸ್ತೀನಿ. ಫೋನ್ ಬದಲು ಡಾಂಗಲ್ ಹಾಕುವವರಿಗೆ 100.64ರಿಂದ 100.127ರವರೆಗಿನ ಐಪಿ ಬಂದರೆ ಅದೂ ಸಿಜಿನ್ಯಾಟೇ, 2012ರ ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ) 6598ರಲ್ಲಿ ಅದಕ್ಕೆಂದೇ ಮೀಸಲಿಟ್ಟ ಶ್ರೇಣಿ. ಟೇಲ್‌ಸ್ಕೇಲ್ (ಒಂದು ವಿಪಿಎನ್ ಸೇವೆ) ಕೂಡ ಇದೇ ಶ್ರೇಣಿ ಬಳಸುತ್ತೆ, ಯಾವ ಇಂಟರ್‌ಫೇಸಿನದ್ದು ಅಂತ ನೋಡಿಯೇ ಮುಂದುವರಿಯಿರಿ. ಮುಚ್ಚಳ ಮುಚ್ಚಿದಾಗ ಲ್ಯಾಪ್‌ಟಾಪ್ ಸ್ಲೀಪಿಗೆ ಹೋಗದಂತೆ ಲಾಗಿನ್‌ಡಿ ಕಾನ್ಫಿಗಲ್ಲಿ ಹ್ಯಾಂಡಲ್‌ಲಿಡ್‌ಸ್ವಿಚ್ ಇಗ್ನೋರ್ ಮಾಡಿ. ಫೋನಲ್ಲಿ 'ಹಾಟ್‌ಸ್ಪಾಟ್ ತಾನಾಗಿ ಆಫ್' ಅನ್ನೋದನ್ನೂ ತೆಗೆಯಿರಿ.